ಜಾರುಬಂಡೆ ಹತ್ತಿದ ಪುಟ್ಟ ಜೀಪು

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಿನ ಸುತ್ತ ಎಲ್ಲಿ ನೋಡಿದರೂ ಮರಳುಗಲ್ಲಿನ ಬೋಳುಬಂಡೆಗಳು. ಹೆಸರು ‘ಸ್ಲಿಕ್‌ರಾಕ್’, ಅಂದರೆ ಜಾರುವ ಬಂಡೆ. ಹಿಂದೆ ಲಾಳ ಕಟ್ಟಿದ ಕುದುರೆಗಳು ಜಾರುತ್ತಿದ್ದವಂತೆ. ರಬ್ಬರ್ ಟಯರಿಗೆ ಮಾತ್ರ ಅದು ಉಪ್ಪುಕಾಗದ!

ಅಲ್ಲಿ ಮೊಮ್ಮಗಳು ತಾನೇ ಜೋಡಿಸಿದ ರಿಮೋಟ್ ಜೀಪು ಹತ್ತಿಸಿದಳು. ಅಳತೆ ನಿಜವಾದ ಜೀಪಿನ 10ರಲ್ಲಿ ಒಂದು ಪಾಲು. ಎರಡು ಸಲವೂ ಮೂತಿ ಎತ್ತಿ ಹಿಂದಕ್ಕೆ ಮಗುಚಿತು.

“ಮುಂದೆ ಭಾರ ಸಾಲದು ತಾತ” ಎಂದವಳೇ ಮುಂದಿನ ಚಕ್ರಗಳೊಳಗೆ ಹಿತ್ತಾಳೆ ಬಿಲ್ಲೆ ಕೂರಿಸಿದಳು; ಎರಡು ತಿಂಗಳ ಕೈಖರ್ಚಿನ ದುಡ್ಡಿನಲ್ಲಿ ಕೊಂಡದ್ದು. ಎತ್ತಿನ ಗಾಡಿಗೆ ಹಿಂಭಾರವಾದರೆ ಮೂಕಿ ಮೇಲೇಳುವುದನ್ನು ಕಂಡ ಅಜ್ಜಂದಿರಿಗೆ ಇದು ಹೊಸದೇನಲ್ಲ. ಭಾರ ಕೆಳಗೂ ಮುಂದಕ್ಕೂ ಬಂದರೆ ಏರಿನಲ್ಲಿ ಮುಂದಿನ ಚಕ್ರ ನೆಲ ಬಿಡದು.

ಮೂರನೇ ಸಲ ಜೀಪು ಇರುವೆಯಂತೆ ಇಂಚಿಂಚಾಗಿ ಮೇಲೇರಿತು. ಪಕ್ಕದ ದಾರಿಯಲ್ಲಿ ನಿಂತಿದ್ದ ದೊಡ್ಡ ಜೀಪಿನವರು ಹಾರನ್ ಹೊಡೆದರು.