ಪೆಟ್ರೋಲೋ, ಡೀಸೆಲ್ಲೋ?

ಹೊಸ ಕಾರಿನ ಮಾತು ಬಂದಾಗ ಬಣ್ಣದ ಬಗ್ಗೆ ಜಗಳವಾದೀತೆಂದು ನಾನು ಎಣಿಸಿದ್ದೆ. ಬಣ್ಣವನ್ನು ಯಾರೂ ಕೇಳಲಿಲ್ಲ. ಮೊದಲನೆಯ ದಿನ ಊಟಕ್ಕೆ ಕೂತಾಗಲೇ ಇವರು, "ಡೀಸೆಲ್ ಆದರೆ ತೆಗೆದುಕೊಳ್ಳೋಣ, ಇಲ್ಲವಾದರೆ ಹಳೆಯದೇ ಸಾಕು" ಎಂದುಬಿಟ್ಟರು. ಅಲ್ಲಿಂದ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಾರೂ ಗಮನಿಸಲಿಲ್ಲ. ಅಷ್ಟರಮಟ್ಟಿಗೆ ನನಗೆ ಲಾಭವೇ ಆಯಿತು ಅನ್ನಿ.

ಡೀಸೆಲ್ ಎಂದರೆ ನನಗೆ ನೆನಪಾಗುವುದು ಸಂಪಾಜೆ ಘಾಟಿಯ ಬಸ್ಸು. ಮದುವೆಯಾದ ಹೊಸದರಲ್ಲಿ ಮಂಗಳೂರಿಗೆ ಹೋಗಬೇಕೆಂದರೆ ಕೈಯಲ್ಲೊಂದು ನಿಂಬೆಹಣ್ಣು, ಮಡಿಲಲ್ಲೊಂದು ಪ್ಲಾಸ್ಟಿಕ್ ಚೀಲ. ತಿರುವು ತಿರುವಿಗೂ ಒಳಗೆ ನುಗ್ಗುವ ಆ ಹೊಗೆಯ ವಾಸನೆಗೆ ಹೊಟ್ಟೆ ತೊಳಸಿ ಬರುತ್ತಿತ್ತು. ನನ್ನ ವಿರೋಧದಲ್ಲಿ ಈ ನಿಂಬೆಹಣ್ಣಿನ ಪಾಲೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಹಣ ನನ್ನ ಜಿಪಿಎಫ್‌ನಿಂದ ಬರುವುದಿತ್ತು. ಓಡಿಸುವವಳೂ ನಾನೇ. ರಾತ್ರಿ ಹೊತ್ತು ಎದುರಿನ ಬೆಳಕಿಗೆ ಇವರ ಕಣ್ಣು ಈಗ ಕತ್ತಲಿಡುತ್ತದೆ. ಹೀಗಿರುವಾಗ ನನ್ನ ಮಾತಿಗೂ ಒಂದು ಲೆಕ್ಕ ಬೇಡವೇ?

ಒಂದು ಕಾಲದಲ್ಲಿ ಇವರ ವಾದವೇ ಸರಿಯಿತ್ತು. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲಿನ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಡೀಸೆಲ್‌ನದ್ದು ಬಿಟ್ಟದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ಆ ವರ್ಷಗಳಲ್ಲಿ ಲಾರಿಗೆ, ಟ್ರ್ಯಾಕ್ಟರಿಗೆ ಎಂದು ಅಗ್ಗವಾಗಿ ಇಟ್ಟಿದ್ದ ಎಣ್ಣೆಯನ್ನು ಕಾರಿನವರೂ ಧಾರಾಳವಾಗಿ ಹಾಕಿಸಿಕೊಂಡರು. 2012ರ ಮೇ ತಿಂಗಳಲ್ಲಿ ದಿಲ್ಲಿಯಲ್ಲಿ ಪೆಟ್ರೋಲು 73 ರೂಪಾಯಿ ದಾಟಿದಾಗ ಡೀಸೆಲ್ 41ರ ಹತ್ತಿರವಿತ್ತು. ಆಗ ಡೀಸೆಲ್ ಕಾರು ಕೊಂಡವನೇ ಜಾಣ. ನಮ್ಮ ಮೈಸೂರಿನ ಭಾವನವರು ಕೊಂಡರು, ವರ್ಷಕ್ಕೆ ಮೂರು ಸಲ ಬಂದು ಅದರ ಮೈಲೇಜು ಹೇಳಿ ಹೋದರು.

ಈಗ ಹಾಗಿಲ್ಲ. 2025ರ ಮಧ್ಯದಲ್ಲಿ ನಮ್ಮ ಕಡೆ ಪೆಟ್ರೋಲು 103ರ ಆಸುಪಾಸು, ಡೀಸೆಲ್ 91ರ ಆಸುಪಾಸು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲೆ ಡೀಸೆಲ್ ಎಂಜಿನ್ನಿನ ಹೊಗೆ ಶುದ್ಧಮಾಡುವ ಖರ್ಚು ಏರಿತು. ಮಾರುತಿ ಸುಜುಕಿಯವರು ಆಗಿನಿಂದ ಡೀಸೆಲ್ ಕಾರು ಮಾಡುವುದನ್ನೇ ಬಿಟ್ಟರು. ಬೇರೆ ಕಂಪನಿಗಳಲ್ಲಿ ಸಿಗುತ್ತವೆ, ಆದರೆ ನಾವು ನೋಡಿದ ಕಾರಿನಲ್ಲಿ ಡೀಸೆಲ್‌ಗೆ 1,40,000 ರೂಪಾಯಿ ಹೆಚ್ಚು.

ಮೇಷ್ಟರ ಕಸುಬಿನವಳಿಗೆ ತಿಳಿದಿರುವುದು ಒಂದೇ, ಹಾಜರಿ ಹಾಕುವುದು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಗೆರೆ ಎಳೆದು ಜೂನ್‌ನಿಂದ ಆಗಸ್ಟ್‌ವರೆಗೆ ಹಳೆಯ ಕಾರು ಹೊರಟಾಗಲೆಲ್ಲ ಬರೆದಿಟ್ಟೆ. ಶಾಲೆಗೆ ಮೂರು ಕಿಲೋಮೀಟರು, ಬರಲು ಮೂರು. ಶುಕ್ರವಾರದ ಸಂತೆ. ಓಂಕಾರೇಶ್ವರ ದೇವಸ್ಥಾನ. ಅತ್ತೆಯವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಎರಡು ಸಲ ಮೈಸೂರು, ಒಂದು ಸಲ ಮಂಗಳೂರು. ಮೂರು ತಿಂಗಳಿಗೆ ಒಟ್ಟು 1,430 ಕಿಲೋಮೀಟರು! ನಾವು ಸದಾ ಘಾಟಿ ಹತ್ತಿ ಇಳಿಯುವವರೆಂದು ನಾನೂ ನಂಬಿದ್ದೆ. ಪುಸ್ತಕ ನೋಡಿದರೆ ನಮ್ಮ ಕಾರು ಮಡಿಕೇರಿ ಪೇಟೆಯಲ್ಲಿ ಆಟೋರಿಕ್ಷಾದ ಕೆಲಸ ಮಾಡುತ್ತಿತ್ತು.

ನಮ್ಮ ಏರುರಸ್ತೆಯಲ್ಲಿ ಪೆಟ್ರೋಲು ಕಾರು ಲೀಟರಿಗೆ 15, ಡೀಸೆಲ್ 19 ಕೊಟ್ಟೀತು ಎಂದು ಹಿಡಿಯಿರಿ. ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿ ಚಿಲ್ಲರೆ. ಹೆಚ್ಚಿಗೆ ಕೊಟ್ಟ ಹಣ ಹಿಂದಕ್ಕೆ ಬರಬೇಕಾದರೆ 67,000 ಕಿಲೋಮೀಟರು ಓಡಬೇಕು. ನಮ್ಮ ಓಡಾಟಕ್ಕೆ ಅದು ಹನ್ನೊಂದು ವರ್ಷದ ಮೇಲಿನ ಮಾತು. ನನ್ನ ನಿವೃತ್ತಿಗೆ ಉಳಿದಿರುವುದು ಐದು ವರ್ಷ.

ಸ್ಟಾಫ್‌ರೂಮಿನಲ್ಲಿ ಈ ಲೆಕ್ಕ ತೋರಿಸಿದಾಗ ನಮ್ಮ ವಿಜ್ಞಾನದ ಮೇಷ್ಟರು ಇನ್ನೊಂದು ವಿಷಯ ಹೇಳಿದರು. ಬಿ.ಎ. ಓದಿದ ನನಗೆ ಎಂಜಿನ್ನೆಂದರೆ ಮುಚ್ಚಳದ ಕೆಳಗಿರುವ ಕಪ್ಪು ವಸ್ತು. "ಸೈಕಲ್ ಪಂಪ್ ಹೊಡೆದರೆ ತುದಿ ಬಿಸಿಯಾಗುವುದಿಲ್ಲವೇ ಮೇಡಂ? ಹಾಗೆ ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಅದರೊಳಗೆ ಎಣ್ಣೆ ಚಿಮ್ಮಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ಅದೇ ಡೀಸೆಲ್. ಪೆಟ್ರೋಲಿಗೆ ಮಾತ್ರ ಕಿಡಿ ಹಾರಿಸಬೇಕು" ಎಂದರು. ಡೀಸೆಲ್ ಎನ್ನುವುದು ಒಬ್ಬ ಮನುಷ್ಯನ ಹೆಸರು, ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನದು ಎಂದು ನನಗೆ ಐವತ್ತೈದನೆಯ ವಯಸ್ಸಿನಲ್ಲಿ ತಿಳಿಯಿತು.

ಆಮೇಲೆ ಅವರು ಹೇಳಿದ್ದು ಮುಖ್ಯ. ಈಗಿನ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ. ಹಿಡಿದ ಮಸಿ ಆಗಾಗ ಸುಟ್ಟುಹೋಗಬೇಕು. ಅದಕ್ಕೆ ಗಾಡಿ ಚೆನ್ನಾಗಿ ಕಾದು, ದೊಡ್ಡ ರಸ್ತೆಯಲ್ಲಿ ಒಂದಷ್ಟು ಹೊತ್ತು ಒಂದೇ ಸಮನೆ ಓಡಬೇಕು. ಮಳೆಗಾಲದ ಮಡಿಕೇರಿಯ ಥಂಡಿಯಲ್ಲಿ ಮೂರು ಕಿಲೋಮೀಟರು ಓಡಿ ನಿಲ್ಲುವ ಕಾರು ಕಾಯುವುದು ಯಾವಾಗ? ಜರಡಿ ಕಟ್ಟಿಕೊಳ್ಳುತ್ತದೆ, ಎದುರಿಗೆ ದೀಪ ಹತ್ತುತ್ತದೆ, ರಿಪೇರಿಗೆ ಕೈ ಸುಡುತ್ತದೆ. ನಮ್ಮ ಕಾರು ನಿಲ್ಲುವುದು ಅತ್ತೆಯವರ ಕೋಣೆಯ ಕಿಟಕಿಯ ಕೆಳಗೆ, ಅವರಿಗೆ ಉಬ್ಬಸ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಜರಡಿಯಿರುವ ಹೊಸ ಗಾಡಿಗಳ ಹೊಗೆ ಹಳೆಯವಕ್ಕಿಂತ ಎಷ್ಟೋ ಮೇಲು ಎನ್ನುವುದೂ ನಿಜ. ಆದರೆ ನಮ್ಮ ಓಡಾಟಕ್ಕೆ ಮೊದಲು ಕೆಡುವುದೇ ಆ ಜರಡಿ.

ಬೆಂಗಳೂರಿನಿಂದ ಮಗ ಫೋನಿನಲ್ಲಿ, "ಎರಡೂ ಬೇಡ ಅಮ್ಮ, ಕರೆಂಟಿನ ಕಾರು ತಗೊಳ್ಳಿ" ಎಂದ. ಜುಲೈನಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆಂಬುದು ಅವನಿಗೆ ಮರೆತಂತಿದೆ.

ಆಗಸ್ಟ್ ಕೊನೆಯ ಒಂದು ಭಾನುವಾರ ನೋಟ್‌ಬುಕ್ಕನ್ನು ಇವರ ಕಾಫಿಲೋಟದ ಪಕ್ಕ ಇಟ್ಟೆ. ಗೆದ್ದೆನೆಂಬ ಹಮ್ಮು ನನ್ನ ಮುಖದಲ್ಲಿ ಇದ್ದಿರಬೇಕು. ಇವರು ಕನ್ನಡಕ ಹಾಕಿಕೊಂಡು ಪುಟಪುಟವೂ ನೋಡಿದರು. ಒಂದು ಕಡೆ ಕೂಡಿದ್ದು ತಪ್ಪಾಗಿತ್ತು, ಪೆನ್ಸಿಲಿನಲ್ಲಿ ತಿದ್ದಿದರು. ಆಮೇಲೆ ಮುಚ್ಚಿ ನನ್ನ ಕಡೆ ಸರಿಸಿ, "ಎಲ್ಲಾ ಸರಿಯಿದೆ. ಆ ದಿನ ಮಾತ್ರ ಇದರಲ್ಲಿ ಇಲ್ಲ" ಎಂದರು.

ಯಾವ ದಿನವೆಂದು ನಾನು ಕೇಳಲಿಲ್ಲ. ಕೊಡಗಿನಲ್ಲಿ ಯಾರೂ ಕೇಳುವುದಿಲ್ಲ. 2018ರ ಆಗಸ್ಟ್ ಮೂರನೆಯ ವಾರ. ಮಕ್ಕಂದೂರಿನ ಕಡೆ, ಜೋಡುಪಾಲದ ಕಡೆ ಬೆಟ್ಟವೇ ಜಾರಿ ಬಂದಿತ್ತು, ಮಂಗಳೂರಿನ ರಸ್ತೆ ಕಡಿದುಹೋಗಿತ್ತು. ಅತ್ತೆ ಆಗ ಮಕ್ಕಂದೂರಿನ ಕಡೆಯ ತೋಟದ ಮನೆಯಲ್ಲಿದ್ದರು. ಇವರು ನಮ್ಮ ಸಣ್ಣ ಪೆಟ್ರೋಲು ಕಾರು ತೆಗೆದುಕೊಂಡು ಹೊರಟರು. ಮನೆಗೆ ಇನ್ನೆರಡು ಕಿಲೋಮೀಟರಿದೆ ಎನ್ನುವಾಗ ಕೆಂಪುಕೆಸರಿನ ಏರಿನಲ್ಲಿ ಚಕ್ರ ತಿರುಗಿದಲ್ಲೇ ತಿರುಗಿತು, ಮೇಲಿಂದ ಹರಿದು ಬಂದ ನೀರಿಗೆ ಎಂಜಿನ್ನೂ ಆರಿಹೋಯಿತು. ಮೈದುನ ಡೀಸೆಲ್ ಜೀಪಿನಲ್ಲಿ ಇವರನ್ನು ದಾಟಿಕೊಂಡೇ ಹೋಗಿ, ಅತ್ತೆಯನ್ನೂ ಲೈನ್‌ಮನೆಯ ಏಳು ಜನರನ್ನೂ ಕೂರಿಸಿಕೊಂಡು ಬಂದ. ಇವರು ಮಳೆಯಲ್ಲಿ ರಸ್ತೆಯ ಬದಿ ನಿಂತಿದ್ದರಂತೆ. ಅದರ ಬಗ್ಗೆ ಒಂದು ದಿನವೂ ಮನೆಯಲ್ಲಿ ಮಾತಾಡಿದವರಲ್ಲ. ಆ ಆಗಸ್ಟ್ ಕಳೆದಮೇಲೆ ನಾನು ಡ್ರೈವಿಂಗ್ ಶಾಲೆ ಸೇರಿದೆ. ಇವರು ಡೀಸೆಲ್‌ನ ಪಕ್ಷ ಸೇರಿದರು. ಎರಡೂ ಒಂದೇ ಕಾರಣಕ್ಕೆಂದು ಏಳು ವರ್ಷ ನನಗೆ ಹೊಳೆದಿರಲಿಲ್ಲ.

ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟೆ. ಡೀಸೆಲ್ಲೇ ಆಗಲಿ, ಹಣವೇನು ದೊಡ್ಡದು ಅನ್ನಿಸಿತು. ಅಷ್ಟರಲ್ಲಿ ಮೈದುನ ಏಲಕ್ಕಿ ಕೊಡಲು ಬಂದವನನ್ನು ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ. ಅವನು ನಕ್ಕು, "ಅತ್ತಿಗೆ, ಅವತ್ತು ಜೀಪು ಹತ್ತಿದ್ದು ಡೀಸೆಲ್ ಅಂತಲ್ಲ. ನಾಲ್ಕೂ ಚಕ್ರ ಎಳೆಯುತ್ತಿತ್ತು, ಗಾಡಿ ನೆಲದಿಂದ ಎತ್ತರವಿತ್ತು. ಸಣ್ಣ ಡೀಸೆಲ್ ಕಾರಾಗಿದ್ದರೆ ಅದೂ ಅಣ್ಣನ ಕಾರಿನ ಪಕ್ಕದಲ್ಲೇ ಹೂತುಕೊಳ್ಳುತ್ತಿತ್ತು" ಎಂದ. "ಇದನ್ನು ಅವರಿಗೆ ನೀನೇ ಹೇಳಪ್ಪಾ" ಎಂದೆ. "ನಾನು ಹೇಳಬಾರದು ಅತ್ತಿಗೆ" ಎಂದು ಏಲಕ್ಕಿ ಚೀಲದ ಬಾಯಿ ಕಟ್ಟಿದ.

ನಾನೂ ಹೇಳಲಿಲ್ಲ. ನೆಲದಿಂದ ಎತ್ತರವಿರುವ ಕಾರೇ ಆಗಬೇಕು, ಅತ್ತೆ ಜೂನ್ ಬಂದೊಡನೆ ತೋಟ ಬಿಟ್ಟು ನಮ್ಮಲ್ಲಿಗೆ ಬರುವ ಈಗಿನ ರೂಢಿ ತಪ್ಪಬಾರದು ಎಂದಷ್ಟೇ ಹೇಳಿದೆ. ಶೋರೂಮಿನವರು ನೋಡಲು ಕೊಟ್ಟ ಪೆಟ್ರೋಲು ಗಾಡಿಯಲ್ಲಿ ಐದು ಜನ ಕೂತು ಸಂಪಾಜೆಗೆ ಇಳಿದು ವಾಪಸು ಹತ್ತಿದೆವು. ಇವರು ಪಕ್ಕದಲ್ಲಿ ಕೂತು ಬಾಗಿಲಿನ ಹಿಡಿ ಬಿಡಲಿಲ್ಲ. ಕಡಿದಾದ ತಿರುವುಗಳಲ್ಲಿ ಎರಡನೇ ಗೇರಿಗೆ ಇಳಿಸಲೇಬೇಕಾಯಿತು, ಎಂಜಿನ್ನು ಸ್ವಲ್ಪ ಕೂಗಿಕೊಂಡಿತು. ಮಡಿಕೇರಿ ತಲುಪಿದಾಗ, "ಎಳೆಯುತ್ತೆ" ಎಂದರು. ಅದೇ ಒಪ್ಪಿಗೆ.

ತಡವಾದದ್ದು ಒಳ್ಳೆಯದೇ ಆಯಿತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಆಯುಧಪೂಜೆಗೆ ಕಾರು ಮನೆಗೆ ಬಂತು. ದಸರೆಯ ದಶಮಂಟಪದ ಜನಜಂಗುಳಿಯಲ್ಲಿ ಎರಡು ದಿನ ಅದನ್ನು ಹೊರಗೆ ತೆಗೆಯಲೇ ಆಗಲಿಲ್ಲ ಬಿಡಿ. ಪೆಟ್ರೋಲಿಗೆ ಈಗ ಶೇಕಡ 20 ಎಥೆನಾಲ್ ಬೆರೆಸುತ್ತಾರೆ, ಮೈಲೇಜು ಇನ್ನಷ್ಟು ಇಳಿಯುತ್ತದೆ ಎಂದು ಮೈಸೂರಿನ ಭಾವನವರು ಫೋನು ಮಾಡಿ ಸಂತೋಷಪಟ್ಟರು.

ಮುಂದಿನ ಶುಕ್ರವಾರ ಸಂತೆಯಿಂದ ಬಂದು ಡಿಕ್ಕಿ ತೆಗೆದೆ. ಹೊಸ ಹಾಸಿನ ಮೇಲೆ, ಹಳೆಯ ಗೋಣಿಯಲ್ಲಿ ಸುತ್ತಿದ ಒಂದು ದಪ್ಪ ಹಗ್ಗ, ಹಿಡಿ ಮೊಟಕುಮಾಡಿದ ಒಂದು ಗುದ್ದಲಿ. ಮಣ್ಣು ತಾಗಬಾರದೆಂದು ಗುದ್ದಲಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿತ್ತು. ಅದನ್ನು ಸ್ವಲ್ಪ ಒಳಕ್ಕೆ ಸರಿಸಿ ತರಕಾರಿ ಚೀಲಕ್ಕೆ ಜಾಗ ಮಾಡಿಕೊಂಡೆ.