ರಸಪರಿತ್ಯಾಗವೂ ತುಪ್ಪದ ಪಥ್ಯವೂ

ದಾವಣಗೆರೆಯ ಧಾನ್ಯವರ್ತಕರೊಬ್ಬರ ಮಗನಿಗೆ ಬೈಪೋಲಾರ್ ಎಂಬ ಮನೋವ್ಯಾಧಿ. ಕೆಲವು ಕಾಲ ಮಿತಿಮೀರಿದ ಉತ್ಸಾಹ, ಕೆಲವು ಕಾಲ ಹಾಸಿಗೆಯಿಂದ ಏಳಲಾಗದ ವಿಷಾದ. ಲಿಥಿಯಂ ಮಾತ್ರೆಯಿಂದ ಆರು ವರ್ಷ ಸ್ವಸ್ಥನಾಗಿದ್ದ ಆತನು ಒಂದು ದಿನ, "ಅಪ್ಪಾ, ಅನ್ನ ರೊಟ್ಟಿ ಬಿಟ್ಟು ತುಪ್ಪ, ಪನೀರು, ಕೊಬ್ಬರಿ ತಿಂದರೆ ಈ ಮಾತ್ರೆಯೇ ಬೇಡವಂತೆ" ಎಂದನು. ತಂದೆಗೆ ಹರ್ಷವಾಯಿತು. ಈ ವ್ಯಾಧಿಯ ಹೆಸರನ್ನು ಆ ಮನೆಯವರು ಬಂಧುಗಳೆದುರು ಎಂದೂ ಉಚ್ಚರಿಸಿದವರಲ್ಲ. ಮಾತ್ರೆ ನಿಂತರೆ ಮಗನ ವಿವಾಹದ ಮಾತನ್ನಾದರೂ ಎತ್ತಬಹುದು. ಯಾವ ತಂದೆ ಈ ಲೆಕ್ಕ ಹಾಕದೆ ಇದ್ದಾನು?

ಮಗನ ಮಾತು ನಿರಾಧಾರವಲ್ಲ. ಉಪವಾಸದಿಂದ ಮೂರ್ಛೆರೋಗ ತಗ್ಗುವುದನ್ನು ಕಂಡಿದ್ದ ವೈದ್ಯರಲ್ಲಿ ಅಮೆರಿಕೆಯ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಎಂಬವರು, ಉಣ್ಣುತ್ತಲೇ ಆ ಫಲವನ್ನು ಪಡೆಯುವ ಕೀಟೋಜೆನಿಕ್ ಆಹಾರವನ್ನು 1921ರಲ್ಲಿ ಸೂಚಿಸಿದರು. ಪಿಷ್ಟವೂ ಸಕ್ಕರೆಯೂ ದೊರೆಯದಾಗ ಯಕೃತ್ತು ಕೊಬ್ಬಿನಿಂದ ಕೀಟೋನುಗಳನ್ನು ತಯಾರಿಸುತ್ತದೆ. ಮೆದುಳು ಅವನ್ನೇ ಇಂಧನವಾಗಿ ಬಳಸುತ್ತದೆ. ಇಂಗ್ಲೆಂಡಿನಲ್ಲಿ 145 ಮಕ್ಕಳನ್ನು ಸೇರಿಸಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಪಥ್ಯ ಹಿಡಿದವರ ಪೈಕಿ ಶೇಕಡಾ 38ರಷ್ಟು ಮಕ್ಕಳಿಗೆ ಮೂರ್ಛೆ ಅರ್ಧಕ್ಕಿಂತಲೂ ಹೆಚ್ಚು ತಗ್ಗಿತು. ಮೂರ್ಛೆಯ ಔಷಧಿಯಾದ ವಾಲ್ಪ್ರೋಯೇಟ್ ಬೈಪೋಲಾರ್ ರೋಗಕ್ಕೂ ಸಲ್ಲುವುದರಿಂದ, ಪಥ್ಯವೂ ಸಲ್ಲಬಹುದೆಂಬ ಊಹೆ ಹುಟ್ಟಿತು. 2024ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 21 ರೋಗಿಗಳಲ್ಲಿ ನಾಲ್ಕು ತಿಂಗಳು ಇದನ್ನು ಪರೀಕ್ಷಿಸಿ ಸುಧಾರಣೆಯನ್ನು ವರದಿ ಮಾಡಿದರು. ಆದರೆ ಅವರು ಔಷಧಿಗಳನ್ನು ಬಿಡಿಸಲಿಲ್ಲ. ಹೋಲಿಸಿ ನೋಡಲು ಪಥ್ಯವಿಲ್ಲದ ಮತ್ತೊಂದು ಗುಂಪೂ ಇರಲಿಲ್ಲ. ಇಷ್ಟು ಚಿಕ್ಕ ಖಾತೆಯನ್ನು ನೋಡಿ ಇಡೀ ಬಂಡವಾಳ ಹೂಡುವ ವರ್ತಕನಿಲ್ಲ.

ಶ್ರಾವಕನಿಗೆ ಇದರಲ್ಲೊಂದು ವಿಚಿತ್ರವಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪುಗಳನ್ನು ತ್ಯಜಿಸುವುದು ರಸಪರಿತ್ಯಾಗವೆಂಬ ಬಾಹ್ಯತಪ. ಈ ಪಥ್ಯವಾದರೋ ಸಕ್ಕರೆಯೊಂದನ್ನು ಬಿಡಿಸಿ ತುಪ್ಪವನ್ನು ಸುರಿಯುತ್ತದೆ. ಗಡ್ಡೆಗಳನ್ನು ವರ್ಜಿಸುವಲ್ಲಿ ಮಾತ್ರ ಎರಡಕ್ಕೂ ಬಹುಮಟ್ಟಿಗೆ ಒಮ್ಮತ! ಪಾಶ್ಚಾತ್ಯರ ಪಟ್ಟಿಯಲ್ಲಿ ಮೊಟ್ಟೆ ಮಾಂಸಗಳೇ ಮುಂದಿದ್ದರೂ ಅವು ಅನಿವಾರ್ಯವಲ್ಲ. ಮದ್ಯ ಮಾಂಸ ಮಧುಗಳನ್ನು ಬಿಟ್ಟೇ ಚಿಕಿತ್ಸೆಯನ್ನು ಬೋಧಿಸಿದ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ನಮ್ಮಲ್ಲಿಯೇ ಇದೆ.

ಅಪಾಯವಿದ್ದುದು ಬೇರೆಡೆ. ಪಥ್ಯದ ಆರಂಭದಲ್ಲಿ ದೇಹದ ನೀರೂ ಉಪ್ಪೂ ಮೂತ್ರದಲ್ಲಿ ಹರಿದುಹೋಗುತ್ತವೆ. ಉಪ್ಪು ಕುಂದಿದಾಗ ಮೂತ್ರಪಿಂಡವು ಲಿಥಿಯಂ ಅನ್ನು ಹಿಡಿದಿಡುತ್ತದೆ. ರಕ್ತದಲ್ಲಿ ಅದು ಏರಿದರೆ ಕೈನಡುಕ, ವಾಂತಿ, ಬುದ್ಧಿಭ್ರಮೆ, ಕಡೆಗೆ ಪ್ರಾಣಭಯ. ನಿರ್ಜಲ ಉಪವಾಸದಲ್ಲಿಯೂ ಇದೇ ಭಯ. ದಶಲಕ್ಷಣ ಪರ್ವ ಸಮೀಪಿಸಿತ್ತು. ಅನಂತ ಚತುರ್ದಶಿಯಂದು ಮಗನು ಉಪವಾಸ ಮಾಡಲೇಬೇಕು, ಕರ್ಮಕ್ಷಯವಾದರೆ ರೋಗವೂ ಹೋಗುವುದೆಂದು ಅಜ್ಜಿಯ ಹಟ. ಮನೋವೈದ್ಯರು ಹೇಳಿದರು: "ಸಾಹುಕಾರರೇ, ಪಥ್ಯ ಬೇಕಿದ್ದರೆ ಹಬ್ಬ ಕಳೆದ ಮೇಲೆ ನನ್ನ ಕಣ್ಣೆದುರಿನಲ್ಲಿ ಮಾಡಲಿ, ರಕ್ತಪರೀಕ್ಷೆ ತಪ್ಪಬಾರದು. ಮಾತ್ರೆಯನ್ನೂ ನೀರನ್ನೂ ಮಾತ್ರ ಬಿಡಿಸಬೇಡಿ."

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಶಕ್ತಿಯಿದ್ದಷ್ಟೇ ತಪವೆಂದು ಅರ್ಥ. ಪ್ರತಿ ವರ್ಷ ಇದನ್ನು ಪೂಜೆಯಲ್ಲಿ ಕೇಳುವ ಅಜ್ಜಿಗೆ ತಂದೆಯು ಇದನ್ನೇ ನೆನಪಿಸಿದರು. ಆಕೆ ಒಪ್ಪಲಿಲ್ಲ, ಆದರೆ ಸುಮ್ಮನಾದರು.

ಚತುರ್ದಶಿಯಂದು ಮಗನು ಮಾತ್ರೆ ನುಂಗಿ, ನೀರು ಕುಡಿದು, ಉಂಡು ಬಸದಿಗೆ ಬಂದನು. ಹಿರಿಯರೊಬ್ಬರು ಎಲ್ಲರೆದುರು, "ಇಷ್ಟು ಗಟ್ಟಿಮುಟ್ಟಾದ ಹುಡುಗ, ಉಪವಾಸವೇಕಿಲ್ಲ?" ಎಂದರು. ತಂದೆಯು ಕ್ಷಣಕಾಲ ನೆಲ ನೋಡಿದರು. ಬಳಿಕ, "ಅವನಿಗೆ ಮನಸ್ಸಿನ ಕಾಯಿಲೆಯಿದೆ, ಔಷಧಿ ನಡೆದಿದೆ. ನೀರು ಬಿಡುವಂತಿಲ್ಲ" ಎಂದು ಸ್ಪಷ್ಟವಾಗಿ ಹೇಳಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡರು.