ನಾಯಿಗೊಂದು ಬಿಲ್ಲೆ

ನಗರದಲ್ಲಿ ನಾಯಿಯನ್ನು ಸಾಕುವ ಗೃಹಸ್ಥರು ಪಾಲಿಕೆಯ ಕಚೇರಿಗೆ ಹೋಗಿ ಅದರ ಹೆಸರಿನಲ್ಲಿ ಪರವಾನಗಿ ಪಡೆಯಬೇಕೆಂಬ ವಿಧಿಯ ಮಾತು ಬಂದಾಗಲೆಲ್ಲ ನಾವು ನಗುತ್ತಿದ್ದವರೇ ಸರಿ. ಮನೆಗೆ ಕಂದಾಯ, ನೀರಿಗೆ ಕಂದಾಯ, ಇವು ಸಾಲದೆ ಬಾಗಿಲಲ್ಲಿ ಬಾಲವಾಡಿಸುವ ಜೀವಕ್ಕೂ ಸುಂಕವೇ ಎಂದು ಜಗಲಿಯ ಮೇಲೆ ಕುಳಿತು ನೆರೆಹೊರೆಯವರೊಡನೆ ಹಾಸ್ಯಮಾಡುತ್ತಿದ್ದೆವು. ಆ ಹಾಸ್ಯವನ್ನು ನೆನೆದರೆ ಈಗ ನಮಗೆ ನಾಚಿಕೆಯಾಗುತ್ತದೆ. ಅದಕ್ಕೆ ಕಾರಣವಾದುದನ್ನು ವಾಚಕರಲ್ಲಿ ಮರೆಮಾಚದೆ ಹೇಳಿಬಿಡುವೆವು.

ನಾಲ್ಕು ವರ್ಷಗಳ ಹಿಂದೆ ಒಂದು ಮಳೆಯ ರಾತ್ರಿ ಕಪ್ಪು ಬಣ್ಣದ ಮರಿಯೊಂದು ನಮ್ಮ ಮೆಟ್ಟಲಿನ ಕೆಳಗೆ ಬಂದು ಮುದುಡಿ ಮಲಗಿತು. ಬೆಳಗಾದ ಮೇಲೆ ಮನೆಯಾಕೆ ಒಂದು ಹಳೆಯ ತಟ್ಟೆಯಲ್ಲಿ ಮೊಸರನ್ನವಿಟ್ಟಳು. ಅಲ್ಲಿಗೆ ಎಲ್ಲವೂ ನಿಶ್ಚಯವಾದಂತಾಯಿತು. ಮೊಮ್ಮಗಳು ಅದಕ್ಕೆ ಕರಿಯನೆಂದು ಹೆಸರಿಟ್ಟಳು. ನಾವು ಸಂಜೆ ಕೆರೆಯ ಏರಿಯ ಮೇಲೆ ತಿರುಗಾಡಲು ಹೊರಟರೆ ಕರಿಯನು ನಾಲ್ಕು ಮಾರು ಹಿಂದೆ ಬರುವನು. ವಾಚನಾಲಯದ ಒಳಗೆ ಹೊಕ್ಕರೆ ಹೊರಗೆ ನಮ್ಮ ಚಪ್ಪಲಿಯ ಪಕ್ಕದಲ್ಲಿ ಕಾದಿರುವನು. ಆದರೂ ಅವನನ್ನು ಕಟ್ಟಿದವರಿಲ್ಲ, ಪಶುವೈದ್ಯರ ಬಳಿಗೆ ಕರೆದೊಯ್ದವರಿಲ್ಲ. ಅವನು ನಮ್ಮವನೆಂದು ನಾವು ಎಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಸಂತಾನಹರಣದ ಶಸ್ತ್ರಕ್ರಿಯೆ ಮಾಡಿ ಬಿಟ್ಟ ಬೀದಿನಾಯಿಗಳಿಗೆ ಗುರುತಿಗೆಂದು ಕಿವಿಯ ತುದಿಯನ್ನು ತುಸು ಕತ್ತರಿಸಿರುತ್ತಾರಷ್ಟೆ. ಕರಿಯನಿಗೆ ಅದೂ ಇಲ್ಲ. ಕೊರಳಲ್ಲಿ ಪಟ್ಟಿಯೂ ಇಲ್ಲ. ಬೀದಿಗೂ ಸೇರದೆ ಮನೆಗೂ ಸೇರದೆ ತ್ರಿಶಂಕುವಿನಂತೆ ಮೆಟ್ಟಲಿನ ಕೆಳಗೆ ಇದ್ದನು.

ಕಳೆದ ವರ್ಷದ ಶ್ರಾವಣಮಾಸ. ನಮಗೆ ದಿನವೂ ಪೂಜೆಗೆ ಹೂ ತರುವಾಕೆ ಅಂದು ಶಾಲೆಗೆ ರಜವೆಂದು ತನ್ನ ಹತ್ತು ವರ್ಷದ ಮಗನನ್ನೂ ಜೊತೆಗೆ ಕರೆತಂದಿದ್ದಳು. ಅವನು ಹೂವಿನ ಪೊಟ್ಟಣವನ್ನು ಬಾಗಿಲ ಬಳಿ ಇಡಲು ಬಂದಾಗ ಕತ್ತಲಲ್ಲಿ ಮಲಗಿದ್ದ ಕರಿಯನ ಬಾಲವನ್ನು ತುಳಿದನು. ಕರಿಯನು ಎದ್ದವನೇ ಅವನ ಮೀನಖಂಡಕ್ಕೆ ಬಾಯಿಹಾಕಿದನು. ಕೂಗು ಕೇಳಿ ನಾವು ಹೊರಗೆ ಬರುವ ಹೊತ್ತಿಗೆ ರಕ್ತ ಇಳಿಯುತ್ತಿತ್ತು.

"ಮೇಷ್ಟ್ರೇ, ನಾಯಿ ನಿಮ್ದೇ ಅಲ್ವಾ? ಸೂಜಿ ಹಾಕ್ಸಿದೀರಾ?" ಎಂದು ತಾಯಿ ಕೇಳಿದಳು.

"ಅದು ಬೀದಿನಾಯಿ ಕಣಮ್ಮ" ಎಂದೆವು.

ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿಯಿಂದ ಆ ಮಾತು ಎಷ್ಟು ಸಲೀಸಾಗಿ ಹೊರಟಿತೆಂಬುದು ನಮಗೇ ಆಶ್ಚರ್ಯ. ಕರಿಯನು ಆಗ ನಮ್ಮ ಕಾಲಿಗೆ ಒತ್ತಿಕೊಂಡು ನಡುಗುತ್ತ ನಿಂತಿದ್ದನು. ಆಕೆ ಅವನನ್ನು ನೋಡಿದಳು, ಮೆಟ್ಟಲಿನ ಕೆಳಗಿದ್ದ ಅನ್ನದ ತಟ್ಟೆಯನ್ನು ನೋಡಿದಳು, ಏನನ್ನೂ ಹೇಳಲಿಲ್ಲ.

ಮನೆಯಾಕೆ ಹುಡುಗನನ್ನು ನಲ್ಲಿಯ ಕೆಳಗೆ ಕೂರಿಸಿ ಸಾಬೂನು ಹಚ್ಚಿ ಕಾಲುಗಂಟೆಯ ಕಾಲ ಗಾಯವನ್ನು ತೊಳೆದಳು. ವಾಚಕರು ಇದೊಂದನ್ನು ನೆನಪಿನಲ್ಲಿಡಬೇಕು: ಸುಣ್ಣ, ಅರಿಸಿನ, ಮೆಣಸಿನಪುಡಿ ಯಾವುದೂ ಬೇಡ; ಹರಿಯುವ ನೀರು, ಸಾಬೂನು, ಕೂಡಲೇ ಆಸ್ಪತ್ರೆ. ಸರ್ಕಾರೀ ಆಸ್ಪತ್ರೆಯಲ್ಲಿ ಗಾಯದ ಸುತ್ತ ಒಂದು ಔಷಧವನ್ನೂ ತೋಳಿಗೆ ಲಸಿಕೆಯನ್ನೂ ಚುಚ್ಚಿ, ಮತ್ತೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನಗಳಲ್ಲಿ ಬರಬೇಕೆಂದು ಚೀಟಿ ಬರೆದುಕೊಟ್ಟರು. ಹುಚ್ಚುನಾಯಿಯ ವಿಷವೇರಿದವನು ನೀರಿಗೆ ಅಂಜುವನೆಂದೂ, ಆ ಜಲತ್ರಾಸವು ಕಾಣಿಸಿಕೊಂಡ ಮೇಲೆ ಬದುಕಲಾರನೆಂದೂ ಸುಶ್ರುತಸಂಹಿತೆಯಲ್ಲಿಯೇ ಹೇಳಿದೆ. ಪ್ಯಾಶ್ಚರ್ ಮಹಾಶಯನು 1885ರಲ್ಲಿ ಮೊದಲ ಸಲ ಮನುಷ್ಯನಿಗೆ ಲಸಿಕೆ ಕೊಟ್ಟು ಅದಕ್ಕೆ ಮುಂಚೆಯೇ ತಡೆಯುವ ದಾರಿಯನ್ನು ತೋರಿದನು. ಲಕ್ಷಣಗಳು ತೋರಿದ ಮೇಲೆ ಇಂದಿಗೂ ನಂಬುವಂಥ ಚಿಕಿತ್ಸೆಯಿಲ್ಲ.

ಕಚ್ಚಿದ ನಾಯಿ ಹತ್ತು ದಿನ ಆರೋಗ್ಯದಿಂದಿದ್ದರೆ ಭಯವಿಲ್ಲವೆಂದು ವೈದ್ಯರು ಹೇಳಿದ್ದರು. ಕರಿಯನನ್ನು ಹಿತ್ತಿಲಲ್ಲಿ ಕಟ್ಟಿದೆವು. ಆ ಹತ್ತು ದಿನವೂ ಹೂವಿನಾಕೆ ಬೆಳಗ್ಗೆ ಬಂದು, ಪೊಟ್ಟಣ ಕೊಡುವ ಮುಂಚೆ, "ನಾಯಿ ಊಟ ಮಾಡ್ತಾ, ಮೇಷ್ಟ್ರೇ?" ಎಂದು ಕೇಳುವಳು. ತಿಂದಿತೆಂದರೆ ಅವಳ ಮುಖ ಸ್ವಲ್ಪ ಸಡಿಲವಾಗುವುದು. ಒಂದು ದಿನ ಕರಿಯನು ಅನ್ನವನ್ನು ಮೂಸಿ ಬಿಟ್ಟನು. ಕಟ್ಟಿಹಾಕಿದ ಬೇಸರವೇ ಇರಬೇಕು. ಅಂದು ಅವಳಿಗೆ ಏನು ಹೇಳಬೇಕೆಂದು ತಿಳಿಯದೆ ಬಾಗಿಲ ಹಿಂದೆ ನಿಂತಿದ್ದೆವು. ಕರಿಯನಿಗೆ ಲಸಿಕೆಯಾಗಿದ್ದರೂ ವೈದ್ಯರು ಹುಡುಗನಿಗೆ ಚಿಕಿತ್ಸೆ ಆರಂಭಿಸುತ್ತಿದ್ದರು, ಅದು ದಿಟ. ಆದರೆ ಆ ತಾಯಿಯ ಹತ್ತು ರಾತ್ರಿಗಳು ಬೇರೆಯಾಗಿರುತ್ತಿದ್ದವು.

ನಮ್ಮ ರಾತ್ರಿಗಳೂ ಸುಖವಾಗಿರಲಿಲ್ಲ. ಮಹಾಪ್ರಸ್ಥಾನಿಕ ಪರ್ವದಲ್ಲಿ, ನಾಯಿಯನ್ನು ಬಿಟ್ಟು ರಥವನ್ನೇರೆಂದು ಇಂದ್ರನೇ ಕರೆದರೂ, ತನ್ನನ್ನು ನಂಬಿ ಬಂದುದನ್ನು ಬಿಡಲಾರೆನೆಂದು ಧರ್ಮರಾಜನು ನಿಂತ ಕಥೆಯನ್ನು ಎಷ್ಟು ತರಗತಿಗಳಿಗೆ ಹೇಳಿದ್ದೆವೋ! ಅವನನ್ನು ಸ್ವರ್ಗವೇ ಅಡ್ಡಗಟ್ಟಿತ್ತು. ನಮ್ಮನ್ನು ಅಡ್ಡಗಟ್ಟಿದ್ದು ಒಂದಿಷ್ಟು ಆಸ್ಪತ್ರೆಯ ಖರ್ಚು, ನಾಲ್ಕು ಜನರ ಮಾತು. ಒಂದು ರಾತ್ರಿ ನಿದ್ದೆಬಾರದೆ ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ತೆಗೆದೆವು. ಕೋರೆಹಲ್ಲಿನ ಪ್ರಾಣಿ, ಕೊಂಬಿನ ಪ್ರಾಣಿ ಇವುಗಳ ಒಡೆಯನು ಬಿಡಿಸಬಲ್ಲವನಾಗಿಯೂ ಸಿಕ್ಕಿಬಿದ್ದವನನ್ನು ಬಿಡಿಸದಿದ್ದರೆ ದಂಡ, ಅವನು ಕೂಗಿಕೊಂಡರೂ ಸುಮ್ಮನಿದ್ದರೆ ಅದರ ಇಮ್ಮಡಿ, ಎಂದು ಅಲ್ಲಿ ವಿಧಿಸಿದೆ. ಇಲ್ಲಿ ದಂಡವಿರುವುದು ಪ್ರಾಣಿಗಲ್ಲ, ಒಡೆಯನಿಗೆ. ಒಡೆಯನಾರೆಂದು ಗೊತ್ತಿಲ್ಲದಿದ್ದರೆ ಆ ವಿಧಿಗೆ ಹಿಡಿಯಲು ಜುಟ್ಟೇ ಇಲ್ಲ. ಹಳ್ಳಿಯಲ್ಲಿ ಯಾರ ನಾಯಿ ಯಾವುದೆಂದು ಎಳೆಯ ಮಗುವೂ ಹೇಳೀತು. ನಗರದಲ್ಲಿ ಅದನ್ನು ಹೇಳುವ ಬಾಯಿ ಆ ಪರವಾನಗಿಯ ಕಾಗದವೊಂದೇ. ನಾವು ಸುಂಕವೆಂದು ನಕ್ಕದ್ದು ಇದನ್ನು.

ಹಾಗೆಂದು ಈ ವಿಷಯದಲ್ಲಿ ಪಾಲಿಕೆಗಳು ಮಾಡುವುದೆಲ್ಲವೂ ವಿವೇಕವೆಂದು ನಾವು ಹೇಳುವುದಿಲ್ಲ. 2018ರಲ್ಲಿ ಬೆಂಗಳೂರಿನಲ್ಲಿ ಅಂದಿನ ಬೃಹತ್ ಪಾಲಿಕೆಯು ಫ್ಲಾಟಿಗೆ ಒಂದೇ ನಾಯಿ, ಬಿಡಿಮನೆಗೆ ಮೂರು ಎಂದು ಲೆಕ್ಕಹಾಕಿ, ಇಂತಿಂಥ ತಳಿಗಳೆಂದು ಪಟ್ಟಿಯನ್ನೂ ಹೊರಡಿಸಿತು. ಪ್ರಾಣಿಪ್ರಿಯರ ಕೋಲಾಹಲಕ್ಕೆ ಅದನ್ನು ತಡೆಹಿಡಿಯಬೇಕಾಯಿತು. ಬ್ರಿಟನ್ನಿನಲ್ಲಿ ನಾಯಿಯ ಲೈಸೆನ್ಸಿಗೆ 37 ಪೆನ್ಸ್ ಶುಲ್ಕವಿದ್ದು, ವಸೂಲಿಯ ಖರ್ಚೇ ಆದಾಯವನ್ನು ಮೀರಿತೆಂದು 1980ರ ದಶಕದ ಕೊನೆಯಲ್ಲಿ ಅದನ್ನು ಎತ್ತಿಹಾಕಿದರು. ಆದರೆ 2016ರಲ್ಲಿ ಇಂಗ್ಲೆಂಡಿನಲ್ಲಿ ಪ್ರತಿ ನಾಯಿಯ ಚರ್ಮದಡಿಯೂ ಒಡೆಯನ ವಿವರವನ್ನು ತಿಳಿಸುವ ಅಕ್ಕಿಕಾಳಿನಷ್ಟು ಗುರುತಿನ ಚಿಪ್ಪನ್ನು ಇರಿಸಲೇಬೇಕೆಂದು ಕಡ್ಡಾಯಮಾಡಿದರು. ಎಷ್ಟು ನಾಯಿ, ಯಾವ ತಳಿ ಎಂಬುದು ಜಗಳದ ಮಾತು. ಯಾರ ನಾಯಿ, ಲಸಿಕೆಯಾಗಿದೆಯೇ ಎಂಬೆರಡೇ ನಮ್ಮ ಬಾಗಿಲಲ್ಲಿ ಆ ತಾಯಿ ಕೇಳಿದ ಪ್ರಶ್ನೆಗಳು.

ಹನ್ನೊಂದನೆಯ ದಿನ ಕರಿಯನನ್ನು ಆಟೋರಿಕ್ಷಾದಲ್ಲಿ ಕೂರಿಸಿಕೊಂಡು ಪಶುವೈದ್ಯರಲ್ಲಿಗೆ ಹೋದೆವು. ಲಸಿಕೆಯಾಯಿತು, ಪುಸ್ತಕ ಸಿಕ್ಕಿತು. ಅದನ್ನು ಹಿಡಿದು ಪಾಲಿಕೆಯ ಕಚೇರಿಗೆ. ಗುಮಾಸ್ತನು ಅರ್ಜಿಯನ್ನು ತಾನೇ ಓದುತ್ತ ನಮ್ಮಿಂದ ತುಂಬಿಸಿದನು. ತಳಿ ಎಂಬಲ್ಲಿ ತಡೆದು ಕರಿಯನ ಭಾವಚಿತ್ರವನ್ನು ನೋಡಿ, "ನಾಟಿ ಅಂತ ಬರೀರಿ ಸಾರ್, ಗಟ್ಟಿ ಇರ್ತವೆ" ಎಂದನು. ಬಣ್ಣ, ವಯಸ್ಸು, ಲಸಿಕೆಯ ದಿನಾಂಕ. ಆಮೇಲೆ ಮಾಲೀಕರ ಹೆಸರು. ಅಲ್ಲಿ ಲೇಖನಿ ಒಂದು ಗಳಿಗೆ ನಿಂತಿತು. ಗುಮಾಸ್ತನು ನಮಗೆ ಕಣ್ಣು ಸಾಲದೆಂದು ತಿಳಿದು ದೀಪವನ್ನು ಹಾಕಿದನು. ತಂದೆಯ ಹೆಸರು ಸಹಿತವಾಗಿ ಪೂರ್ತಿ ಬರೆದೆವು.

ಮರುದಿನ ಹೂವಿನಾಕೆಗೆ, ನಾಯಿ ನಮ್ಮದೇ, ಅಂದು ಸುಳ್ಳು ಹೇಳಿದೆವು, ಎಂದು ಹೇಳಿದೆವು. ಆಸ್ಪತ್ರೆಗೆ ಹೋಗಿಬಂದ ಖರ್ಚು, ಅವಳ ವ್ಯಾಪಾರ ನಿಂತ ದಿನಗಳ ನಷ್ಟ ಎರಡನ್ನೂ ಲೆಕ್ಕಹಾಕಿ ಮುಂದಿಟ್ಟೆವು. ಅವಳು ಹಣವನ್ನು ಎಣಿಸದೆ ಸೆರಗಿನಲ್ಲಿ ಕಟ್ಟಿಕೊಂಡು, "ಗೊತ್ತಿತ್ತು ಬಿಡಿ ಮೇಷ್ಟ್ರೇ, ತಟ್ಟೆ ನೋಡಿದ್ನಲ್ಲ" ಎಂದಳು. ಹುಡುಗನು ತಾಯಿಯ ಹಿಂದೆ ನಿಂತು, ಹತ್ತಿರ ಬರಲೊಲ್ಲದೆ, ಕರಿಯನ ಕೊರಳಿನ ಹೊಸ ಬಿಲ್ಲೆಯ ಮೇಲಿದ್ದ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದನು.